ಹಿಕ್ಕೆ ಎಸೆಯುವ ಹುಳು, ಬೆಳ್ಳಿ ಮಚ್ಚೆಯ ಚಿಟ್ಟೆ

ಹೋದ ತಿಂಗಳು ಇದೇ ಜಾಗದಲ್ಲಿ, ಟೊಮೇಟೊ ಮತ್ತು ಮೆಂತ್ಯದ ಪ್ರಶ್ನೆಗಳ ಮಧ್ಯೆ, ಮಗಳ ಮನೆಯ ಹಿತ್ತಲಿಗೆ ಬರುವ ಒಂದು ಕಂದು ಚಿಟ್ಟೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೊಸಬರಿಗೆ ಹೇಳಬೇಕೆಂದರೆ, ಮಗಳಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ವಾಷಿಂಗ್ಟನ್‌ಗೆ ಹತ್ತಿರ. ವರ್ಷದಲ್ಲಿ ಆರು ತಿಂಗಳು ನಾನೂ ಅಲ್ಲೇ. ಅದು ಸುಮ್ನೆ ಬಂದ ಮಾತಾಗಿತ್ತು. ಈ ಸಲ ನೋಡಿದರೆ ಎಲ್ಲರಿಗೂ ಅದೇ ಚಿಟ್ಟೆ ಬೇಕು. ಕರಿಬೇವಿನ ಗಿಡಕ್ಕೆ ಚಳಿಗಾಲ ದಾಟಿಸುವುದು ಹೇಗೆ ಎಂದು ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು. ಕುಂಡವನ್ನು ಒಳಗಿಟ್ಟುಕೊಳ್ಳಿ, ನೀರು ಕಡಿಮೆ ಮಾಡಿ. ಉಳಿದದ್ದು ಆಮೇಲೆ.

ಪ್ರಶ್ನೆ: ನೀವು ಬರೆದ ಚಿಟ್ಟೆ ನಮ್ಮ ಮನೆಗೂ ಬರುತ್ತದೆ. ದಪ್ಪ ಮೈ, ಕಂದು ರೆಕ್ಕೆ, ಹಿಂದಿನ ರೆಕ್ಕೆಯ ಅಡಿಯಲ್ಲಿ ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆ. ನಮ್ಮವರು ಅದು ಪತಂಗ ಅಂತಾರೆ, ನಾನು ಚಿಟ್ಟೆ ಅಂತೀನಿ. ಯಾರು ಸರಿ?
ಓದುಗರು, ವರ್ಜೀನಿಯಾ

ನೀವೇ ಸರಿ. ಆದರೆ ಅವರನ್ನು ಜಾಸ್ತಿ ಗೋಳು ಹೊಯ್ದುಕೊಳ್ಳಬೇಡಿ. ಈ ಗುಂಪಿನ ಚಿಟ್ಟೆಗಳನ್ನು ನೋಡಿ ಎಂಥವರೂ ಮೋಸ ಹೋಗುತ್ತಾರೆ. ಇವು ಸ್ಕಿಪ್ಪರ್‌ಗಳು. ಹಾರುವುದಕ್ಕಿಂತ ಜಿಗಿಯುವುದೇ ಹೆಚ್ಚು, ಆದ್ದರಿಂದ ಆ ಹೆಸರು. ದಪ್ಪ ಎದೆ, ಅಗಲ ತಲೆ, ಒಂದಕ್ಕೊಂದು ದೂರ ಇರುವ ದೊಡ್ಡ ಕಣ್ಣುಗಳು. ಮುಂದಿನ ಸಲ ಕೂತಾಗ ಮೀಸೆಯ ತುದಿ ನೋಡಿ. ಬೇರೆ ಚಿಟ್ಟೆಗಳ ಮೀಸೆ ತುದಿಯಲ್ಲಿ ಬೆಂಕಿಕಡ್ಡಿಯ ಹಾಗೆ ಗುಂಡಗಿರುತ್ತದೆ. ಇದಕ್ಕೆ ಆ ಗುಂಡಿನ ಆಚೆ ಇನ್ನೂ ಒಂದು ಸಣ್ಣ ಕೊಕ್ಕೆ ಇರುತ್ತದೆ, ನಾವು ಬಟ್ಟೆ ಹೆಣೆಯುವ ಕ್ರೋಶಾ ಕಡ್ಡಿಯ ಹಾಗೆ. ಅದು ಕಂಡರೆ ಸ್ಕಿಪ್ಪರ್.

ನಿಮ್ಮದು ಸಿಲ್ವರ್ ಸ್ಪಾಟೆಡ್ ಸ್ಕಿಪ್ಪರ್. ಶಾಸ್ತ್ರೀಯ ಹೆಸರು ಎಪಾರ್ಗೈರಿಯಸ್ ಕ್ಲಾರಸ್. ಎಪಾರ್ಗೈರಿಯಸ್ ಅನ್ನುವುದು ಇಡೀ ಕುಲದ ಹೆಸರು. ಜರ್ಮನಿಯ ಯಾಕೋಬ್ ಹ್ಯೂಬ್ನರ್ 1819ರಲ್ಲಿ ಇಟ್ಟದ್ದು. ಗ್ರೀಕ್‌ನಲ್ಲಿ ಹಾಗೆಂದರೆ ಬೆಳ್ಳಿ ಹೊದಿಸಿದ್ದು ಎಂದು ಅರ್ಥ. ನಮ್ಮ ಕಡೆ ಅಕ್ಕಸಾಲಿಗರು ಬೆಳ್ಳಿ ಮುಲಾಮು ಅನ್ನುತ್ತಾರಲ್ಲ, ಅದೇ. ಈ ಕುಲದವು ಕೆನಡಾದ ದಕ್ಷಿಣದಿಂದ ಅರ್ಜೆಂಟೀನಾದವರೆಗೆ ಎರಡೂ ಅಮೆರಿಕಗಳಲ್ಲಿ ಹರಡಿವೆ. ನಾವು ನೀವು ನೋಡುವ ಕ್ಲಾರಸ್ ಉತ್ತರದ್ದು. ಕೆನಡಾದ ಕೆಳಭಾಗದಿಂದ ಮೆಕ್ಸಿಕೋದ ಉತ್ತರದವರೆಗೆ ಇದೆ. ತಮಾಷೆ ಅಂದ್ರೆ, ಕೆರಿಬಿಯನ್ ದ್ವೀಪಗಳಲ್ಲಿ ಜೆಸ್ಟಾಸ್ ಎಂಬ ಇದೇ ಕುಲದ ಇನ್ನೊಂದಿದೆ, ಅದಕ್ಕೆ ಬೆಳ್ಳಿ ಮಚ್ಚೆಯೇ ಇಲ್ಲ. ಹೆಸರು ಮಾತ್ರ ಬೆಳ್ಳಿಯದು.

ಪ್ರಶ್ನೆ: ಪಕ್ಕದ ಮನೆಯ ಬೇಲಿಯ ವಿಸ್ಟೀರಿಯಾ ಬಳ್ಳಿ ನಮ್ಮ ಕಡೆ ಬಾಗಿದೆ. ಅದರ ಎಲೆಗಳನ್ನು ಯಾರೋ ಸೂಜಿ ದಾರದಲ್ಲಿ ಹೊಲಿದಂತಿತ್ತು. ಬಿಡಿಸಿ ನೋಡಿದರೆ ಒಳಗೆ ಹಸಿರು ಹುಳು, ಕಂದು ತಲೆ, ಎರಡು ಕಿತ್ತಳೆ ಬಣ್ಣದ ಕಣ್ಣು. ಮಗ ಕಿರುಚಿಬಿಟ್ಟ. ವಿಷದ ಹುಳುವೇ?
ಓದುಗರು, ಪೆನ್ಸಿಲ್ವೇನಿಯಾ

ವಿಷವೂ ಇಲ್ಲ, ಕಡಿಯುವುದೂ ಇಲ್ಲ. ಆ ಕಿತ್ತಳೆ ಕಣ್ಣುಗಳು ಕಣ್ಣೇ ಅಲ್ಲ, ಬರೀ ಬೊಟ್ಟು. ನಿಜವಾದ ಕಣ್ಣುಗಳು ಕಾಣದಷ್ಟು ಸಣ್ಣವು. ನಿಮ್ಮ ಮಗ ಕಿರುಚಿದನಲ್ಲ, ಹಕ್ಕಿಗೂ ಹಾಗೇ ಆಗಲಿ ಎಂದೇ ಆ ಬೊಟ್ಟು ಇರಬೇಕು.

ಇದೇ ನಮ್ಮ ಬೆಳ್ಳಿ ಮಚ್ಚೆಯ ಮರಿ. ಚಿಟ್ಟೆಯನ್ನು ಬಿಟ್ಟು ಈ ಹುಳುವನ್ನು ನೋಡಿ ಅಂತ ನಾನು ಹೇಳುತ್ತೇನೆ. ಚಿಟ್ಟೆ ಎರಡು ನಿಮಿಷ ಕೂತು ಹೋಗುತ್ತದೆ. ಹುಳು ವಾರಗಟ್ಟಲೆ ನಿಮ್ಮ ಕಣ್ಣಮುಂದೆ ಸಂಸಾರ ಮಾಡುತ್ತದೆ.

ಮಗಳ ಹಿತ್ತಲಿನಾಚೆ ಒಂದು ಬ್ಲ್ಯಾಕ್ ಲೋಕಸ್ಟ್ ಮರವಿದೆ. ನಮ್ಮೂರಿನ ಗೊಬ್ಬರದ ಗಿಡ ಗ್ಲಿರಿಸಿಡಿಯಾದ ದಾಯಾದಿ, ಎಲೆಯೂ ಹಾಗೇ. ಚಿಟ್ಟೆ ಅದರ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗಸಗಸೆ ಕಾಳಿನಷ್ಟು, ಹಸಿರು, ನೆತ್ತಿಯಲ್ಲಿ ಕೆಂಪು. ಒಡೆದು ಬಂದ ಮರಿ ಮೊದಲು ಮಾಡುವ ಕೆಲಸ ಮನೆ ಕಟ್ಟುವುದು. ಎಲೆಯ ಅಂಚನ್ನು ಎರಡು ಕಡೆ ಕತ್ತರಿಸುತ್ತದೆ. ನಡುವಿನ ತುಂಡನ್ನು ಮೇಲಕ್ಕೆ ಮಡಚಿ ರೇಷ್ಮೆ ಎಳೆಯಿಂದ ಬಿಗಿಯುತ್ತದೆ. ಹೋಟೆಲಿನವರು ದೋಸೆಯ ಅಂಚು ಮಡಚುತ್ತಾರಲ್ಲ, ಅಷ್ಟೇ ನೀಟು. ಒಳಗೆ ಅಕ್ಕಿ ಕಾಳಿಗಿಂತ ಸಣ್ಣ ಪ್ರಾಣಿ. ಮೈ ಬೆಳೆದಂತೆ ಆ ಮನೆ ಸಾಲುವುದಿಲ್ಲ. ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ದೊಡ್ಡದಾದ ಮೇಲೆ ಕತ್ತರಿಸುವ ಗೊಡವೆಯಿಲ್ಲ. ಎರಡು ಮೂರು ಎಲೆ ಸೇರಿಸಿ, ಮುತ್ತುಗದ ಎಲೆ ಹಚ್ಚಿದ ಹಾಗೆ ಹಚ್ಚಿಬಿಡುತ್ತದೆ. ತಿನ್ನಲು ಹೊರಗೆ ಬರುತ್ತದೆ, ತಿಂದು ಒಳಗೆ ಹೋಗುತ್ತದೆ.

ನಾನು ಶಿಡ್ಲಘಟ್ಟದ ಪಕ್ಕದ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹಾಗಾಗಿ ಹುಳುವಿನ ವಯಸ್ಸನ್ನು ಜ್ವರದಲ್ಲೇ ಎಣಿಸುವುದು ನನಗೆ ರೂಢಿ. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದಲ್ಲ, ಅದು. ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ಇದಕ್ಕೂ ನಾಲ್ಕೇ. ಅದನ್ನು ತಿಳಿದ ದಿನ ದೂರದ ಸಂಬಂಧಿ ಸಿಕ್ಕಷ್ಟು ಖುಷಿಯಾಯಿತು.

ಒಂದು ತಪ್ಪೊಪ್ಪಿಗೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಹೆರ್‌ಪಿನ್ನಿನಿಂದ ಒಂದು ಮನೆ ಬಿಡಿಸಿದೆ. ನಾಲ್ಕನೇ ಜ್ವರ ಮುಗಿದ ಹುಳು, ನನ್ನ ಕಿರುಬೆರಳಿನಷ್ಟು. ನೋಡಿದ್ದಾಯಿತು, ಮುಚ್ಚಬೇಕಲ್ಲ. ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ಎಲೆ ಕಚ್ಚಿಸಿ ಬಂದೆ, ಬುದ್ಧಿವಂತೆಯ ಹಾಗೆ. ಮಾರನೆ ಬೆಳಿಗ್ಗೆ ಹೋದರೆ ಕ್ಲಿಪ್ಪು ಇದೆ, ಎಲೆ ಇದೆ, ಒಳಗೆ ಏನೂ ಇಲ್ಲ. ಡೆಕ್ಕಿನ ಕಂಬಿಯ ಮೇಲೆ ಒಂದು ಕಣಜ ಹಸಿರು ಉಂಡೆಯೊಂದನ್ನು ಅಗಿಯುತ್ತ ಕೂತಿತ್ತು. ಅದೇ ಹುಳು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಆಮೇಲೆ ನಾನು ಯಾವ ಮನೆಯನ್ನೂ ಬಿಡಿಸಿಲ್ಲ. ಬಿಸಿಲಿಗೆ ಎದುರಾಗಿ ಹಿಡಿದು ನೋಡಿ, ನೆರಳು ಕಾಣುತ್ತದೆ. ಸಾಕು.

ಪ್ರಶ್ನೆ: ಟೀಚರಮ್ಮ, ನಗಬೇಡಿ. ಮರದ ಕೆಳಗೆ ಕುರ್ಚಿ ಹಾಕಿ ಕೂತಿದ್ದೆ. ಆಗಾಗ ಪೇಪರಿನ ಮೇಲೆ ಟಪ್ ಅಂತ ಏನೋ ಬೀಳುತ್ತಿತ್ತು. ನೋಡಿದರೆ ಕಪ್ಪು ಕಾಳು. ಮೇಲೆ ನೇರಕ್ಕೆ ಕೊಂಬೆಯೇ ಇಲ್ಲ. ಎಲ್ಲಿಂದ ಬಂತು?
ಓದುಗರು, ನಾರ್ತ್ ಕ್ಯಾರೊಲೈನಾ

ನಗದೇ ಇರಲು ಆಗಲಿಲ್ಲ, ಕ್ಷಮಿಸಿ. ನಿಮ್ಮದು ಲೋಕಸ್ಟ್ ಮರವಾಗಿದ್ದರೆ, ಅದು ಬೆಳ್ಳಿ ಮಚ್ಚೆಯ ಹುಳು ಎಸೆದ ಹಿಕ್ಕೆ. ಬಿದ್ದದ್ದಲ್ಲ, ಎಸೆದದ್ದು.

ಈ ಹುಳುವಿನ ಹಿಂಭಾಗದಲ್ಲಿ ಬಾಚಣಿಗೆಯಂಥ ಒಂದು ಗಟ್ಟಿ ಭಾಗ ಇದೆ. ಹಿಕ್ಕೆ ಅಲ್ಲಿಗೆ ಬಂದು ಕೂರುತ್ತದೆ. ಹುಳು ಮೈಯೊಳಗಿನ ರಕ್ತದ ಒತ್ತಡ ಏರಿಸುತ್ತದೆ. ಬಾಚಣಿಗೆ ಹಿಡಿದ ಹಿಡಿತ ತಪ್ಪಿದ್ದೇ ತಡ, ಕವಣೆ ಬಿಟ್ಟ ಹಾಗೆ ಹಿಕ್ಕೆ ಹಾರಿ ಹೋಗುತ್ತದೆ. ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೇವ್ನಿ ಮತ್ತು ಜೊತೆಯವರು 1998ರಲ್ಲಿ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. ಅವರು ನೋಡಿದ್ದು ಕ್ಯಾನಾ ಗಿಡದ ಎಲೆ ಸುತ್ತುವ ಇನ್ನೊಂದು ಅಮೆರಿಕನ್ ಸ್ಕಿಪ್ಪರ್‌ನ ಹುಳುವಿನಲ್ಲಿ. ನಮ್ಮ ಬೆಳ್ಳಿ ಮಚ್ಚೆಯ ಹುಳು ತನ್ನ ಮೈಯುದ್ದದ 38 ಪಟ್ಟು ದೂರ ಎಸೆಯಬಲ್ಲದು. ನಾಲ್ಕು ಸೆಂಟಿಮೀಟರ್ ಹುಳು, ಒಂದೂವರೆ ಮೀಟರ್ ದೂರ. ನಿಮ್ಮ ಕುರ್ಚಿ ಕೊಂಬೆಯಿಂದ ಅಷ್ಟು ದೂರದಲ್ಲಿ ಇದ್ದಿರಬೇಕು, ಅಲ್ವಾ?

ಯಾಕೆ ಎಸೆಯುತ್ತದೆ ಎಂಬುದು ಇನ್ನೂ ಚೆನ್ನಾಗಿದೆ. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮಾರ್ಥಾ ವೈಸ್ ಈ ಹುಳುವಿನ ಮೇಲೇ ಪ್ರಯೋಗ ಮಾಡಿ 2003ರಲ್ಲಿ ಬರೆದರು. ಮೂರು ಅನುಮಾನಗಳನ್ನು ಎದುರಿಗಿಟ್ಟುಕೊಂಡರು. ಹಿಕ್ಕೆ ಜೊತೆ ಇದ್ದರೆ ರೋಗ ಬರುತ್ತದೆ ಎಂದು ಎಸೆಯುತ್ತದೆಯೇ? ಮನೆಯಲ್ಲಿ ಜಾಗ ಸಾಲುವುದಿಲ್ಲ ಎಂದೇ? ಇಲ್ಲ, ಶತ್ರು ಬರುತ್ತಾನೆ ಎಂದೇ? ಹಿಕ್ಕೆಯ ಜೊತೆಗೇ ಬೆಳೆದ ಹುಳುಗಳಿಗೆ ಏನೂ ಆಗಲಿಲ್ಲ. ಜಾಗದ ಕಾರಣವೂ ನಿಲ್ಲಲಿಲ್ಲ. ಕೊನೆಗೆ ಕೆಲವು ಎಲೆಮನೆಗಳಲ್ಲಿ ಹಿಕ್ಕೆ, ಕೆಲವದರಲ್ಲಿ ಅದೇ ಥರದ ಗಾಜಿನ ಮಣಿ ಇಟ್ಟು ಕಣಜಗಳನ್ನು ಬಿಟ್ಟರು. ಕಣಜಗಳು ಹೆಚ್ಚಾಗಿ ಹೋದದ್ದು ಹಿಕ್ಕೆ ಇದ್ದ ಮನೆಗೆ. ವಾಸನೆ ಹಿಡಿದು ಬರುತ್ತವೆ. ಹುಳು ಹಿಕ್ಕೆ ಎಸೆಯುವುದು ಚೊಕ್ಕಟಕ್ಕಲ್ಲ, ತನ್ನ ವಿಳಾಸ ಸಿಗದಿರಲಿ ಎಂದು.

ಇದನ್ನು ಓದಿದ ದಿನ ನಾನು ಚಿಕ್ಕವಳಾಗಿದ್ದಾಗಿನ ಹುಳು ಮನೆ ನೆನಪಾಯಿತು. ತಟ್ಟೆ ಬದಲಿಸುವುದು ನನ್ನ ಮತ್ತು ಅಕ್ಕನ ಕೆಲಸ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಹುಳುಗಳನ್ನು ಬೇರೆ ತಟ್ಟೆಗೆ ಮಾಡಿ, ಹಳೆ ಸೊಪ್ಪಿನ ಕಡ್ಡಿ, ಹಿಕ್ಕೆ ಎಲ್ಲ ಕೊಡವಿ ತಿಪ್ಪೆಗೆ ಹಾಕಬೇಕು. ಕೊನೆಯ ಜ್ವರ ಎದ್ದ ಮೇಲಂತೂ ಬುಟ್ಟಿಗಟ್ಟಲೆ. ಜಡೆಯಲ್ಲೂ ಆ ವಾಸನೆ. ಪಕ್ಕದ ಬೆಂಚಿನವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದ ರೇಷ್ಮೆ ಹುಳು ತಾನು ಮಾಡಿದ್ದರ ಮೇಲೇ ಮಲಗುತ್ತದೆ. ಬಳಿಯುವವರು ಇದ್ದಾರಲ್ಲ. ಈ ಕಾಡು ಹುಳುವಿಗೆ ನಾನೂ ಇಲ್ಲ, ನಮ್ಮಕ್ಕನೂ ಇಲ್ಲ.

ಪೇಪರನ್ನು ತೊಳೆಯುವ ಅಗತ್ಯವಿಲ್ಲ. ಒಣಗಿದ ಎಲೆಯಷ್ಟೇ, ಕೊಡವಿದರೆ ಹೋಗುತ್ತದೆ.

ಪ್ರಶ್ನೆ: ಫ್ಲಾರಿಡಾದಲ್ಲಿ ನಮ್ಮ ಬೀನ್ಸ್ ಗಿಡದ ಎಲೆ ಅಂಚಿನಲ್ಲಿ ಮಡಚಿಕೊಂಡಿದೆ. ಒಳಗೆ ಹಸಿರು ಹುಳು, ಪಕ್ಕದಲ್ಲಿ ಹಳದಿ ಗೆರೆ, ದೊಡ್ಡ ತಲೆ. ಇದೂ ನಿಮ್ಮ ಬೆಳ್ಳಿ ಮಚ್ಚೆಯೇ? ಔಷಧಿ ಹೊಡೆಯಲೇ?
ಓದುಗರು, ಟ್ಯಾಂಪಾ

ಹಳದಿ ಗೆರೆ ಅಂದಿರಿ, ಬೀನ್ಸ್ ಅಂದಿರಿ. ಹಾಗಾದರೆ ಇದು ಅದರ ನೆಂಟ, ಉದ್ದ ಬಾಲದ ಸ್ಕಿಪ್ಪರ್. ಅರ್ಬೇನಸ್ ಪ್ರೋಟಿಯಸ್. 1758ರಲ್ಲಿ ಲಿನೇಯಸ್ ಹೆಸರಿಟ್ಟ ಹಳೆಯ ಗಿರಾಕಿ. ಅಲ್ಲಿನ ರೈತರು ಹುಳುವನ್ನು ಬೀನ್ಸ್ ಎಲೆ ಸುತ್ತುವ ಹುಳು ಎಂದೇ ಕರೆಯುತ್ತಾರೆ. ಅಲಸಂದೆ, ಶಂಖಪುಷ್ಪದ ಬಳ್ಳಿಯನ್ನೂ ಬಿಡುವುದಿಲ್ಲ. ಶರತ್ಕಾಲದಲ್ಲಿ ಉತ್ತರದ ರಾಜ್ಯಗಳಿಂದ ಇವು ಫ್ಲಾರಿಡಾದ ಕಡೆಗೆ ಇಳಿದು ಬರುತ್ತವೆ. ನಿಮಗೆ ಆಗ ಕಾಟ ಜಾಸ್ತಿ ಅನಿಸಿದರೆ ಆಶ್ಚರ್ಯವಿಲ್ಲ.

ಔಷಧಿ ಬೇಡ. ಮನೆಯ ಹತ್ತು ಗಿಡಕ್ಕೆ ಕೈಯೇ ಔಷಧಿ. ಬೀನ್ಸ್ ಗಿಡ ಸ್ವಲ್ಪ ಎಲೆ ಕಳೆದುಕೊಂಡರೂ ಕಾಯಿ ಬಿಡುತ್ತದೆ. ಎರಡು ಗಿಡ ಅದಕ್ಕೇ ಎಂದು ಬಿಟ್ಟುಬಿಡಿ. ಆಮೇಲೆ ಬರುವ ಚಿಟ್ಟೆಯನ್ನು ನೋಡಿ ನನಗೆ ಬರೆಯಿರಿ. ಹಿಂದೆ ಎರಡು ಉದ್ದ ಬಾಲ, ಬೆನ್ನ ಮೇಲೆ ನವಿಲಿನ ಕತ್ತಿನ ನೀಲಿ ಹಸಿರು. ಬೆಳ್ಳಿ ಮಚ್ಚೆಯವಳ ಪಕ್ಷ ವಹಿಸುವ ನಾನೂ ಸೌಂದರ್ಯದಲ್ಲಿ ಇದಕ್ಕೇ ಮೊದಲ ಬಹುಮಾನ ಕೊಡುತ್ತೇನೆ.

ಪ್ರಶ್ನೆ: ಈ ಚಿಟ್ಟೆ ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ?
ಓದುಗರು, ಚಾಮರಾಜನಗರ

ಎಲ್ಲೂ ಇಲ್ಲ. ಅದು ಅಮೆರಿಕದ ಕುಲ. ಆದರೆ ಸ್ಕಿಪ್ಪರ್ ಮನೆತನ ನಮ್ಮಲ್ಲೂ ದೊಡ್ಡದೇ. ನೀವು ಅರಿಶಿನದ ಊರಿನವರು. ಮಳೆಗಾಲದಲ್ಲಿ ಅರಿಶಿನದ ಎಲೆ ಕೊಳವೆಯ ಹಾಗೆ ಸುತ್ತಿಕೊಂಡಿದ್ದು ನೋಡಿಲ್ಲವೇ? ಅದರೊಳಗಿನ ಹುಳು ಗ್ರಾಸ್ ಡೀಮನ್ ಎಂಬ ಸ್ಕಿಪ್ಪರ್‌ನದು. ಶುಂಠಿಗೂ ಬರುತ್ತದೆ. ದೊಡ್ಡದಾದ ಮೇಲೆ ಕಂದು ಚಿಟ್ಟೆ, ಹಿಂದಿನ ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ! ಬೇರೆ ಕುಲ, ಬೇರೆ ಖಂಡ, ಮಚ್ಚೆ ಮಾತ್ರ ಹೇಗೋ ಹಾಗೇ.

ಪ್ರಶ್ನೆ: ದಸರೆಗೆಂದು ಚೆಂಡುಹೂ ಹಾಕಿದ್ದೇನೆ, ರಾಶಿ ಅರಳಿದೆ. ಬೇರೆ ಚಿಟ್ಟೆ ಬರುತ್ತವೆ, ಬೆಳ್ಳಿ ಮಚ್ಚೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ನನ್ನ ಹೂವಿನಲ್ಲಿ ಏನು ದೋಷ?
ಓದುಗರು, ನ್ಯೂಜೆರ್ಸಿ

ದೋಷ ಹೂವಿನದಲ್ಲ, ಬಣ್ಣದ್ದು. ಈ ಚಿಟ್ಟೆಗೆ ಹಳದಿ ಹೂ ಕಂಡರಾಗದು. ಗುಲಾಬಿ, ನೇರಳೆ, ನೀಲಿ, ಕೆಂಪು ಆದೀತು, ಬಿಳಿಯೂ ಕೆಲವೊಮ್ಮೆ. ಹಳದಿಯ ಮೇಲೆ ಕೂರುವುದು ತೀರಾ ಅಪರೂಪ.

ನನಗೂ ನಂಬಿಕೆ ಬಂದಿರಲಿಲ್ಲ. ಆಗಸ್ಟಿನಲ್ಲಿ ಒಂದು ವಾರ ಬೆಳಗಿನ ಕಾಫಿ ಲೋಟ ಹಿಡಿದು ಡೆಕ್ಕಿನ ಮೇಲೆ ಕೂತೆ. ಒಂದು ಕುಂಡದಲ್ಲಿ ಹಳದಿ ಚೆಂಡುಹೂ, ಪಕ್ಕದ್ದರಲ್ಲಿ ಗುಲಾಬಿ ಬಣ್ಣದ ಜಿನ್ನಿಯಾ. ಎರಡಕ್ಕೂ ಒಂದು ಗೇಣು ಅಂತರ. ಚಿಟ್ಟೆ ಬರುತ್ತಿತ್ತು, ಜಿನ್ನಿಯಾದ ಮೇಲೆ ಕೂರುತ್ತಿತ್ತು, ಸೊಂಡಿಲು ಬಿಚ್ಚಿ ಒಂದೊಂದು ಸಣ್ಣ ಹೂವಿಗೂ ಇಳಿಸುತ್ತಿತ್ತು. ಮುಗಿಸಿ ಎದ್ದು, ಚೆಂಡುಹೂವಿನ ಮೇಲಿಂದಲೇ ಹಾರಿ, ಬೇಲಿಯಾಚೆಯ ಕೆಂಪು ಕ್ಲೋವರ್‌ಗೆ ಹೋಗುತ್ತಿತ್ತು. ಒಂದು ದಿನ ಮಳೆ ಬಂದು ಕೂರಲಾಗಲಿಲ್ಲ, ಉಳಿದ ಆರು ದಿನವೂ ಅದೇ ಕಥೆ. ನಿಮ್ಮ ಚೆಂಡುಹೂ ದೇವರಿಗಿರಲಿ. ಚಿಟ್ಟೆಗೆ ನಾಲ್ಕು ಜಿನ್ನಿಯಾ ಹಾಕಿ.

ಪ್ರಶ್ನೆ: ಕುಡ್ಜು ಬಳ್ಳಿಯನ್ನೂ ಈ ಹುಳು ತಿನ್ನುತ್ತದಂತೆ. ಹಾಗಾದರೆ ನಮ್ಮ ಜಾರ್ಜಿಯಾದ ಕುಡ್ಜು ಕಾಟ ತೀರಿತು ಅನ್ನಿ!
ಓದುಗರು, ಅಟ್ಲಾಂಟಾ

ತಿನ್ನುವುದು ನಿಜ, ತೀರುವುದು ಸುಳ್ಳು. ಜಪಾನಿನ ಬಳ್ಳಿ ಅದು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅಲಂಕಾರಕ್ಕೆಂದು ತಂದಿಟ್ಟರು. ಮಣ್ಣು ಕೊಚ್ಚಿಹೋಗದಿರಲಿ ಎಂದು 1930ರ ದಶಕದಲ್ಲಿ ಸರ್ಕಾರವೇ ನೆಡಿಸಿತು. ಈಗ ಅದು ಬೆಳೆಯುವ ವೇಗಕ್ಕೆ ಹುಳು ಸಾಟಿಯೇ? ಮದುವೆ ಊಟವನ್ನು ಇರುವೆ ಮುಗಿಸಿದ ಹಾಗೆ.

ಪ್ರಶ್ನೆ: ನಮ್ಮವರು ಅಕ್ಟೋಬರ್ ಬಂದರೆ ಲೀಫ್ ಬ್ಲೋವರ್ ಹಿಡಿದು ಅಂಗಳದ ಒಂದು ಎಲೆಯನ್ನೂ ಬಿಡುವುದಿಲ್ಲ. ಚಿಟ್ಟೆಗೆ ತೊಂದರೆಯೇ?
ಓದುಗರು, ಮೇರಿಲ್ಯಾಂಡ್

ತೊಂದರೆಯೇ. ನಮ್ಮ ಕಡೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಎರಡು ಸಂತತಿ ಆಗುತ್ತವೆ. ಎರಡನೆಯದರ ಹುಳು ಹಣ್ಣಾದ ಮೇಲೆ, ಅಂದರೆ ಪೂರ್ತಿ ಬೆಳೆದು ಮೇವು ಬಿಟ್ಟ ಮೇಲೆ, ಮರದಿಂದ ಇಳಿಯುತ್ತದೆ. ಉದುರಿದ ಎಲೆಗಳ ನಡುವೆ ತೆಳುವಾಗಿ ರೇಷ್ಮೆ ನೇಯ್ದು ಕೋಶವಾಗುತ್ತದೆ. ಇಡೀ ಚಳಿಗಾಲ, ಹಿಮದ ಅಡಿಯಲ್ಲಿ, ಹಾಗೇ ಇರುತ್ತದೆ. ನಮ್ಮ ರೇಷ್ಮೆ ಹುಳುವಿಗಾದರೆ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಇತ್ತು, ಇದಕ್ಕೆ ನಿಮ್ಮ ಅಂಗಳವೇ ಚಂದ್ರಿಕೆ. ಎಲೆಯನ್ನು ಚೀಲಕ್ಕೆ ತುಂಬಿ ಬೀದಿಗೆ ಇಟ್ಟರೆ ಅದನ್ನೂ ಸೇರಿಸಿ ಇಟ್ಟ ಹಾಗೆ. ಜೇನು, ಚಿಟ್ಟೆಗಳ ಪರವಾಗಿ ಕೆಲಸ ಮಾಡುವ ಜೆರ್ಸೀಸ್ ಸೊಸೈಟಿಯವರು ಅಮೆರಿಕದಲ್ಲಿ ಎಲೆ ಹಾಗೇ ಬಿಡಿ ಎಂದು ಪ್ರಚಾರ ಮಾಡುತ್ತಲೇ ಇದ್ದಾರೆ.

ಅಳಿಯಂದಿರ ಜೊತೆ ನಾನು ಮಾಡಿಕೊಂಡ ಒಪ್ಪಂದ ಹೇಳುತ್ತೇನೆ. ರಸ್ತೆಗೆ ಕಾಣುವ ಮುಂದಿನ ಅಂಗಳ ಅವರದು, ಎಷ್ಟಾದರೂ ಊದಲಿ. ಹಿತ್ತಲ ಮರದ ಬುಡ ನನ್ನದು. ಎರಡು ವರ್ಷದಿಂದ ನಡೆಯುತ್ತಿದೆ. ಒಂದೇ ಒಂದು ಸಲ ಗಡಿ ದಾಟಿದರು. ಅವತ್ತು ಸಾರಿಗೆ ಒಗ್ಗರಣೆ ಹಾಕಲಿಲ್ಲ.

ಪ್ರಶ್ನೆ: ಅಜ್ಜಿ, ಮಳೆ ಬಂದಾಗ ಬೆಳ್ಳಿ ಚಿಟ್ಟೆ ಎಲ್ಲಿ ಮಲಗುತ್ತೆ? ಅದಕ್ಕೆ ಮರಿ ಇದ್ದಾಗ ಇದ್ದ ಮನೆ ಈಗ ಇಲ್ಲ ಅಲ್ವಾ?
ಮೂರನೇ ಕ್ಲಾಸು, ಒಹಾಯೊ

ಇಲ್ಲ ಪುಟ್ಟಿ, ದೊಡ್ಡದಾದ ಮೇಲೆ ಮನೆ ಕಟ್ಟುವುದು ಅದಕ್ಕೆ ಬರುವುದಿಲ್ಲ. ಮೋಡ ಕವಿದಾಗ, ರಾತ್ರಿಯಾದಾಗ, ಬಿಸಿಲು ತೀರಾ ಜಾಸ್ತಿಯಾದಾಗಲೂ, ಒಂದು ಅಗಲ ಎಲೆ ಹುಡುಕಿ ಅದರ ಅಡಿಗೆ ಹೋಗುತ್ತದೆ. ಅಲ್ಲಿ ತಲೆಕೆಳಗಾಗಿ ಹಿಡಿದುಕೊಂಡು ನೇತಾಡುತ್ತದೆ, ರೆಕ್ಕೆ ಮಡಚಿ. ಮಳೆ ನಿಂತ ತಕ್ಷಣ ಅಮ್ಮನ ಜೊತೆ ಹೋಗಿ, ಎಲೆಗಳನ್ನು ಮುಟ್ಟದೆ, ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ಮೇಲೆ ನೋಡು. ಮೊದಲು ಬಿಳಿ ಮಚ್ಚೆ ಕಾಣುತ್ತದೆ. ಚಿಟ್ಟೆ ಆಮೇಲೆ.